ಎರಡು ಬೆರಳು ಹಣೆ

ನನ್ನ ಗಂಡನ ಮನೆಯವರನ್ನು ಹಣೆಯಿಂದಲೇ ಗುರುತು ಹಿಡಿಯಬಹುದಿತ್ತು. ಮದುವೆಯ ಊಟದ ಸಾಲಿನಲ್ಲಿ ಅವರಲ್ಲೊಬ್ಬರು ತಲೆ ಎತ್ತಿದರೆ ಸಾಕು, ಬಡಿಸುವವರು, ಓ ನೀವು ಆ ಗುತ್ತಿನ ಮನೆತನದವರಲ್ವಾ ಎಂದು ಇನ್ನೊಂದು ಸೌಟು ಪಾಯಸ ಹಾಕಿ ಹೋಗುತ್ತಿದ್ದರು. ಅಷ್ಟು ಅಗಲ, ಅಷ್ಟು ಎತ್ತರದ ಹಣೆ. ನನ್ನನ್ನು ನೋಡಲು ಬಂದ ದಿನ ಅವರ ಕಡೆಯ ಅಜ್ಜಿಯೊಬ್ಬರು, ಹುಡುಗಿ ಬಿ.ಎ. ಮಾಡಿದ್ದಾಳೆ, ಬಣ್ಣ ಉಂಟು, ಗುಣವೂ ಇರಬಹುದು, ಹಣೆ ಮಾತ್ರ ಸ್ವಲ್ಪ ಕಡಿಮೆಯಾಯಿತು ಎಂದಿದ್ದರಂತೆ. ಆದರೂ ಮದುವೆ ಆಯಿತು.

ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಾಯಿಯ ಅಣ್ಣನೇ ಯಜಮಾನ. ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ. ಮಕ್ಕಳ ಶಾಲೆ, ಮದುವೆ, ಬಾಳಂತನ, ಎಲ್ಲದಕ್ಕೂ ಅವರದೊಂದು ಮಾತು ಬೇಕು. ನನ್ನ ಗಂಡ ಸರ್ವೋತ್ತಮ ಶೆಟ್ಟರು ಅಂಥ ಯಜಮಾನರು. ಮಂಗಳೂರಿನ ಹಂಪನಕಟ್ಟೆಯಲ್ಲಿ ಅವರ ಹೋಟೆಲು. ತಂಗಿ ಗುಲಾಬಿ, ಭಾವ ಲೋಕನಾಥರು, ಅವರ ಒಬ್ಬಳೇ ಮಗಳು ಶಶಿಪ್ರಭಾ ಇದ್ದದ್ದು ಕಾವೂರಿನಲ್ಲಿ. ತಂಗಿಯ ಮಗಳನ್ನು ನಮ್ಮಲ್ಲಿ ಸೊಸೆ ಎನ್ನುವುದು.

ಶಶಿಗೂ ಅದೇ ಹಣೆ ಬಂದಿತ್ತು. ಗುಲಾಬಿ ಅದರ ಮೇಲೆ ದೊಡ್ಡ ಕುಂಕುಮ ಇಟ್ಟು ರಾಣಿಯ ಹಾಗೆ ತಿರುಗುತ್ತಿದ್ದಳು. ಶಶಿಯಾದರೋ ಶಾಲೆಗೆ ಹೋಗುವಾಗಿನಿಂದ ಮುಂದಲೆಯ ಕೂದಲನ್ನು ಕತ್ತರಿಸಿ ಹುಬ್ಬಿನ ತನಕ ಇಳಿಬಿಟ್ಟವಳು. ಮಂಗಳೂರಿನಂಥ ಊರಿನಲ್ಲಿ ಅದು ಸುಲಭದ ಕೆಲಸವಲ್ಲ. ಬೆವರಿದರೆ ಕೂದಲು ಅಂಟುತ್ತದೆ, ಗಾಳಿ ಬಂದರೆ ಹಾರುತ್ತದೆ. ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತದ್ದನ್ನು ನಾನು ನೋಡಿಲ್ಲ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳ ಮೇಜು ಸರೀ ಫ್ಯಾನಿನ ಅಡಿಯಲ್ಲಿ ಬಂತು. ಎದುರು ಮೇಜಿನ ರೊಸಾಲಿನ್ ಎಂಬ ಹುಡುಗಿ ಒಂದು ಮಾತೂ ಕೇಳದೆ, ಆ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಫೈಲಿನಿಂದ ಗಾಳಿ ಹಾಕಿಕೊಂಡು ಕೂರುತ್ತಿದ್ದಳಂತೆ. ನೆಗಡಿ ಇಬ್ಬರಿಗೂ ಎಂದು ಉಳಿದವರಿಗೆ ಹೇಳುತ್ತಿದ್ದಳಂತೆ. ಈ ಸಂಗತಿ ಹೇಳುವಾಗ ಶಶಿಯ ಕಣ್ಣು ತುಂಬಿತ್ತು.

ಅತ್ತಾವರದ ಆಸ್ಪತ್ರೆಗೆ ಬೊಂಬಾಯಿಯಲ್ಲಿ ಕಲಿತ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬಂದಿದ್ದಾರೆ, ಸುಟ್ಟ ಚರ್ಮ, ಸೀಳಿದ ತುಟಿ ಸರಿಮಾಡುವುದು ಮಾತ್ರವಲ್ಲ, ಹಣೆಯನ್ನೂ ಸಣ್ಣದು ಮಾಡುತ್ತಾರೆ ಎಂಬ ಸುದ್ದಿ ತಂದವಳೂ ರೊಸಾಲಿನ್ನೇ. ಎಂಬತ್ತನಾಲ್ಕನೇ ಇಸವಿಯ ಮಾತು ಇದು. ಶಶಿ ಹೋಗಿ ಡಾಕ್ಟರ್ ರುಡೊಲ್ಫ್ ಅವರನ್ನು ಕಂಡಳು. ಲೋಕನಾಥರು ಮಗಳ ಮುಖ ನೋಡಿ, ನಿನಗೆ ಬೇಕೆಂದಾದರೆ ಆಗಲಿ ಎಂದರು. ಗುಲಾಬಿ ಎರಡು ದಿನ ಮುಖ ಊದಿಸಿ ಮೂರನೇ ದಿನ ಒಪ್ಪಿದಳು. ದಿನವೂ ಗೊತ್ತಾಯಿತು.

ಎಲ್ಲ ಸರಿಯಾಗಿಯೇ ಇತ್ತು. ಯಜಮಾನರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅಸಡ್ಡೆಯಿಂದಲ್ಲ, ಮರ್ಯಾದೆಯಿಂದಲೇ ಹಾಗಾದದ್ದು. ಅಣ್ಣನಿಗೆ ಹೇಳಬೇಕಾದವಳು ತಂಗಿ, ತಾನು ಬಾಯಿ ಹಾಕಿದರೆ ಅಧಿಕಪ್ರಸಂಗ ಎಂದು ಲೋಕನಾಥರು ಸುಮ್ಮನಿದ್ದರು. ಡಾಕ್ಟರ ವಿಷಯ ಗಂಡಸರೇ ಮಾತಾಡಿಕೊಂಡಿರುತ್ತಾರೆ ಎಂದು ಗುಲಾಬಿ ಸುಮ್ಮನಿದ್ದಳು. ಕೊನೆಗೆ ಅದು ನನ್ನವರಿಗೆ ಗೊತ್ತಾದದ್ದು, ಹೋಟೆಲಿಗೆ ಬನ್ಸ್ ತಿನ್ನಲು ಬಂದ ನರ್ಸಮ್ಮ ಒಬ್ಬರು, ಶೆಟ್ರೇ, ನಿಮ್ಮ ಸೊಸೆಗೆ ಗುರುವಾರಕ್ಕೆ ಬೆಡ್ ಇಟ್ಟಿದ್ದೇವೆ ಎಂದು ಉಪಕಾರದ ಧಾಟಿಯಲ್ಲಿ ಹೇಳಿದಾಗ.

ಮಧ್ಯಾಹ್ನ ಎಂದೂ ಮನೆಗೆ ಬಾರದವರು ಆ ದಿನ ಬಂದರು.

“ಗದ್ದೆ ಡಿಕ್ಲರೇಶನ್‌ನಲ್ಲಿ ಒಕ್ಕಲುಗಳಿಗೆ ಹೋಯಿತು,” ಎಂದರು. “ತೋಟ ಪಾಲಿನಲ್ಲಿ ಹೋಯಿತು. ಕುಟುಂಬದ್ದು ಅಂತ ಇನ್ನು ಉಳಿದದ್ದು ಈ ಹಣೆ ಒಂದು. ಅದನ್ನೂ ಕೊಯ್ಯುದಂತೆ. ನನ್ನ ಹತ್ರ ಒಂದು ಮಾತು ಬೇಡ್ವಾ?”

ನನಗೆ ನಗು ಬಂತು. ಅವರಿಗೆ ನೋವಾಗಿದೆ ಎಂದೂ ಕಂಡಿತು. ಆದ್ದರಿಂದ ಅಡುಗೆಮನೆಗೆ ಹೋಗಿ ನಕ್ಕು ಬಂದೆ. ಅವರ ತಲೆಯಲ್ಲಿ ಆಗಲೇ ಕೂದಲು ಹಿಂದೆ ಹಿಂದೆ ಸರಿದು, ಹಣೆ ಎಲ್ಲಿ ಮುಗಿಯುತ್ತದೆ ಎಂದು ಹೇಳಲಾಗದ ಸ್ಥಿತಿ ಬಂದಿತ್ತು. ಕುಟುಂಬದ ಆಸ್ತಿ ಅವರಲ್ಲಿ ಬೆಳೆಯುತ್ತಲೇ ಇತ್ತು.

ಕಾವೂರಿಗೆ ಅವರು ಹೋಗಲಿಲ್ಲ. ಅವರಿಗೆ ಸಿಟ್ಟು ಬಂದರೆ ಹಲಸಿನ ಹಣ್ಣು ಬಿಡಿಸುವುದು ಅಭ್ಯಾಸ. ಸಂಜೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಅದನ್ನೇ ಮಾಡುತ್ತಿದ್ದಾಗ ಶಶಿ ಬ್ಯಾಂಕಿನಿಂದ ನೇರ ಬಂದಳು. ಮಾವನಿಗೆ ಸಿಟ್ಟು ಬಂದ ಸುದ್ದಿ ಅವಳಿಗೆ ಮುಟ್ಟಿತ್ತು. ಮೇಣ ಅಂಟಿದ ಕೈಯಲ್ಲಿ ಎದ್ದು ಒಳಗೆ ಹೋಗುವ ಹಾಗೂ ಇರಲಿಲ್ಲ ಇವರಿಗೆ. ಅವಳು ಎದುರು ಕೂತಳು. ಇವರು ತಲೆ ಎತ್ತಲಿಲ್ಲ. ಆದರೆ ಒಳ್ಳೊಳ್ಳೆಯ ತೊಳೆಗಳನ್ನೆಲ್ಲ ಅವಳ ಕಡೆಗೆ ಸರಿಸುತ್ತಿದ್ದುದನ್ನು ನಾನು ನೋಡಿದೆ.

ಜಗಲಿಗೆ ಒಳ್ಳೆಯ ಗಾಳಿ ಬರುತ್ತಿತ್ತು. ಶಶಿ ಒಂದು ಕೈಯಿಂದ ಕೂದಲು ಹಿಡಿದುಕೊಂಡು ಇನ್ನೊಂದು ಕೈಯಿಂದ ತೊಳೆ ಬಿಡಿಸಲು ನೋಡಿದಳು. ಬೀಜ ಜಾರಿ ಅಂಗಳಕ್ಕೆ ಬಿತ್ತು.

“ಹಣೆ ಸಣ್ಣ ಮಾಡಿ ಯಾರಿಗೆ ತೋರಿಸ್ಲಿಕ್ಕೆ ಉಂಟು?”

“ಯಾರಿಗೂ ಇಲ್ಲ ಮಾವ.”

“ಮತ್ತೆ ಎಂತಕ್ಕೆ? ನಿನ್ನ ಅಮ್ಮ ಅದರಲ್ಲೇ ತಲೆ ಎತ್ತಿ ನಡೀಲಿಲ್ವಾ? ಅಜ್ಜಿ ನಡೀಲಿಲ್ವಾ?”

“ಅವರಿಗೆ ಅದು ಚಂದ ಕಾಣ್ತಿತ್ತು. ನನಗೆ ಅದನ್ನು ಮುಚ್ಚಿಕೊಳ್ಳುದೇ ಒಂದು ಕೆಲಸ ಆಗಿದೆ ಮಾವ. ಮನೆತನದ ಬಗ್ಗೆ ನಾಚಿಕೆ ಅಂತ ನೀವು ತಿಳ್ಕೊಳ್ಬೇಡಿ. ನನಗೆ ಎರಡೂ ಕೈ ಬೇಕು, ಅಷ್ಟೆ.”

ಇವರು ಕತ್ತಿ ಕೆಳಗಿಟ್ಟು ಅವಳ ಆ ಹಿಡಿದ ಕೈಯನ್ನು ನೋಡಿದರು. ಹುಟ್ಟಿದಾಗಿನಿಂದ ನೋಡುತ್ತಾ ಬಂದ ಹುಡುಗಿ. ಅವಳ ಒಂದು ಕೈ ಸದಾ ಅಲ್ಲೇ ಇರುವುದು ಅವರ ಗಮನಕ್ಕೆ ಬಂದಿರಲಿಲ್ಲವೆಂದು ಕಾಣುತ್ತದೆ.

ಮಾವ ಬೇಡ ಎಂದರೆ ಆ ಬೆಡ್ ಬೇರೆಯವರಿಗೆ ಕೊಡಿ ಎಂದು ಡಾಕ್ಟರಿಗೆ ಬ್ಯಾಂಕಿನಿಂದಲೇ ಫೋನಿನಲ್ಲಿ ಹೇಳಿ ಬಂದಿದ್ದೇನೆ ಎಂದಳು ಶಶಿ. ಆಮೇಲೆ, “ಅರೆಮನಸ್ಸಿನಲ್ಲಿ ಹೋಗು ಅಂತ ಮಾತ್ರ ಹೇಳ್ಬೇಡಿ. ಮತ್ತೆ ಕನ್ನಡಿ ನೋಡುವಾಗೆಲ್ಲ ನಿಮ್ಮ ಮುಖವೇ ಕಾಣ್ತದೆ,” ಎಂದಳು.

“ಈಗ ಕಾಣುದಿಲ್ವಾ? ಒಂದೇ ಅಚ್ಚು ಅಲ್ವಾ,” ಎಂದರು ಇವರು. ಹೇಳಿದ ಮೇಲೆ ತಾವೇ ನಕ್ಕರು. ನಾಳೆ ಡಾಕ್ಟರ ಹತ್ತಿರ ತಾನೊಮ್ಮೆ ಮಾತಾಡುತ್ತೇನೆ ಎಂದರು.

ಮರುದಿನ ನಾವು ಮೂವರು ಅತ್ತಾವರಕ್ಕೆ ಹೋದೆವು. ಡಾಕ್ಟರ್ ರುಡೊಲ್ಫ್ ಸಣ್ಣ ದನಿಯ, ತೆಳ್ಳಗಿನ ಮನುಷ್ಯ. ಹೋಟೆಲಿನವರೆಂದು ತಿಳಿದು, ಅರ್ಥವಾಗುವ ಹಾಗೆ ನಿಧಾನ ವಿವರಿಸಿದರು. ಕೂದಲು ಶುರುವಾಗುವ ಅಂಚಿನಲ್ಲಿ ಕೊಯ್ದು, ಹಣೆಯ ಮೇಲ್ಭಾಗದ ಒಂದು ಪಟ್ಟಿ ಚರ್ಮ ತೆಗೆದು, ನೆತ್ತಿಯ ಚರ್ಮವನ್ನು ಸಡಿಲಿಸಿ ಮುಂದಕ್ಕೆ ತಂದು ಹೊಲಿಯುವುದು. ಕೆಲವು ತಿಂಗಳು ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಆಮೇಲೆ ಗಾಯದ ಗೆರೆಯಲ್ಲೇ ಕೂದಲು ಬಂದು ಮುಚ್ಚುತ್ತದೆ. ನೆತ್ತಿ ಬಿಗಿ ಇದ್ದವರಿಗೆ ಇದು ಕಷ್ಟ, ಇವಳದ್ದು ಚೆನ್ನಾಗಿ ಜರಗುತ್ತದೆ ಎಂದು ಶಶಿಯ ತಲೆಯ ಮೇಲೆ ಬೆರಳಿಟ್ಟು ತೋರಿಸಿದರು. ನನ್ನವರು ಕೂಡಲೇ ತಮ್ಮ ಬೋಳು ತಲೆಯ ಮೇಲೆ ಎರಡೂ ಅಂಗೈ ಇಟ್ಟು ಹಿಂದೆ ಮುಂದೆ ಜರಗಿಸಿ ನೋಡಿಕೊಂಡರು. “ನಮ್ಮ ಕುಟುಂಬದಲ್ಲಿ ಎಲ್ಲರದ್ದೂ ಹೀಗೇ ಡಾಕ್ಟ್ರೇ,” ಎಂದರು, ಹೆಮ್ಮೆಯಿಂದ.

ಎಷ್ಟು ಇಳಿಸುವುದು ಎಂದು ಕೇಳಿದಾಗ ಡಾಕ್ಟರು ಎರಡು ಬೆರಳು ಎಂದರು. ಅಲ್ಲಿಂದ ಚೌಕಾಸಿ ಶುರುವಾಯಿತು. ನನ್ನವರು ಒಂದು ಸಾಕು ಎಂದರು. ಡಾಕ್ಟರು ಒಂದಕ್ಕಾಗಿ ಯಾರೂ ಕೊಯ್ಯಿಸಿಕೊಳ್ಳುವುದಿಲ್ಲ ಎಂದರು. ಹಾಗಾದರೆ ಒಂದೂವರೆ ಎಂದರು ಇವರು. ಅದೂ ಯಾರ ಬೆರಳು, ನಿಮ್ಮದೋ ನನ್ನದೋ? ನಿಮ್ಮ ತೆಳು ಬೆರಳಾದರೆ ಎರಡಕ್ಕೆ ಅಡ್ಡಿಯಿಲ್ಲ, ನನ್ನದಾದರೆ ಒಂದೂವರೆಯೇ ಹೆಚ್ಚು. ಬಂದರಿನಲ್ಲಿ ಅಂಜಲ್ ಮೀನು ಕೊಳ್ಳುವಾಗಲೂ ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿಲ್ಲ. ಡಾಕ್ಟರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಅವರು ಮಾತ್ರ ಪ್ರತಿ ಬೆರಳಿಗೂ ಗಂಭೀರವಾಗಿ ಉತ್ತರ ಕೊಟ್ಟರು.

ಕೊನೆಗೆ ಅವರು ನೇರಳೆ ಶಾಯಿಯ ಪೆನ್ನನ್ನೂ ಕನ್ನಡಿಯನ್ನೂ ಶಶಿಯ ಕೈಗೆ ಕೊಟ್ಟರು. ಅವಳು ಕೂದಲನ್ನು ಹಿಂದಕ್ಕೆ ಬಾಚಿ ಕ್ಲಿಪ್ ಹಾಕಿ, ಕನ್ನಡಿ ನೋಡಿಕೊಂಡು ಒಂದು ಗೆರೆ ಎಳೆದಳು.

“ಎಡಬದಿಯಲ್ಲಿ ಓರೆ ಆಯಿತು,” ಎಂದರು ನನ್ನವರು. ಎದ್ದು ಹೋಗಿ, ಕರವಸ್ತ್ರದ ತುದಿಯನ್ನು ನೀರಲ್ಲಿ ಒದ್ದೆ ಮಾಡಿ ಆ ತುಂಡನ್ನು ಒರೆಸಿದರು. “ಹಾಂ, ಈಗ ಎಳಿ. ಬಲಬದಿಯ ಹಾಗೆಯೇ ಬರ್ಲಿ.”

ಈಗಲೂ ಅವಳ ಕೂದಲು ಶುರುವಾಗುವುದು ಆ ಗೆರೆಯಿಂದಲೇ. ನಡುನಡುವೆ ಬಿಳಿ ಬಂದಿದೆ, ಅಷ್ಟೆ.

ಗುರುವಾರ ಆಸ್ಪತ್ರೆಯ ಓಣಿಯ ಬೆಂಚಿನ ಒಂದು ತುದಿಯಲ್ಲಿ ಲೋಕನಾಥರು, ಇನ್ನೊಂದು ತುದಿಯಲ್ಲಿ ನನ್ನವರು ಕೂತಿದ್ದರು. ನಡುವೆ ನಾನೂ ಗುಲಾಬಿಯೂ. ನನ್ನವರಿಗೆ ಸೊಸೆಯ ಮೇಲಿನ ಸಿಟ್ಟು ಇಳಿದಿದ್ದರೂ ಭಾವನ ಮೇಲಿನದ್ದು ಇಳಿದಿರಲಿಲ್ಲ. ಅವರು ಮಾತಾಡದ್ದರಿಂದ ಲೋಕನಾಥರೂ ಮಾತಾಡಲಿಲ್ಲ. ಅಷ್ಟರಲ್ಲಿ ನರ್ಸ್ ಬಂದು, ಹುಡುಗಿಯ ಕಡೆಯ ಹಿರಿಯರು ಯಾರು, ಸಹಿ ಹಾಕ್ಲಿಕ್ಕೆ ಒಳಗೆ ಬನ್ನಿ ಎಂದರು.

ಇಬ್ಬರೂ ಎದ್ದು ನಿಂತರು. ಲೋಕನಾಥರು ಕೂಡಲೇ ಪುನಃ ಕೂರಲು ಹೊರಟರು.

“ಅಪ್ಪ ಇವರು,” ಎಂದರು ನನ್ನವರು, ನರ್ಸಿಗೆ. ಮತ್ತೆ ಅತ್ತ ತಿರುಗಿ, “ನೀವು ಹೋಗಿ ಭಾವ,” ಎಂದರು.

ಸುಮಾರು ಹೊತ್ತಿನ ಮೇಲೆ ಅವಳನ್ನು ವಾರ್ಡಿಗೆ ತಂದರು. ತಲೆಯಿಂದ ಹುಬ್ಬಿನ ತನಕ ಬಿಳಿ ಬ್ಯಾಂಡೇಜು. ಮದ್ದಿನ ಅಮಲು ಇನ್ನೂ ಇಳಿದಿರಲಿಲ್ಲ.

“ಹಣೆ ಉಂಟಾ ಅಮ್ಮ?” ಎಂದು ತೊದಲಿದಳು. “ಗೊತ್ತೇ ಆಗುದಿಲ್ಲ.”

“ಉಂಟು. ಬೇಕಾದಷ್ಟು ಉಂಟು,” ಎಂದಳು ಗುಲಾಬಿ, ಅಳುತ್ತ ನಗುತ್ತ.

ಶಶಿ ಕಣ್ಣು ತೆರೆದು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಅವಳ ಎರಡೂ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ನನ್ನವರು ಮಂಚದ ಮೇಲೆ ಬಗ್ಗಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದರು. ಅವರು ಯಾವಾಗಲೂ ಮೊದಲು ನೋಡುತ್ತಿದ್ದ ಜಾಗ ಬಟ್ಟೆಯ ಅಡಿಯಲ್ಲಿ ಹೋಗಿತ್ತು.

“ಭಾವ,” ಎಂದರು, ನಿಧಾನವಾಗಿ. “ಇವಳ ಕಣ್ಣು ನಿಮ್ಮದಲ್ವಾ? ಇಷ್ಟು ವರ್ಷ ನಾನು ನೋಡಿಯೇ ಇಲ್ಲ ಮಾರಾಯ್ರೆ.”

ಲೋಕನಾಥರು ಕನ್ನಡಕ ತೆಗೆದು ಒರೆಸಿದರು. ಅದನ್ನು ಪುನಃ ಹಾಕಿಕೊಳ್ಳದೆ, “ಹೌದು, ನನ್ನ ಅಮ್ಮನೂ ಹೇಳ್ತಿದ್ದರು,” ಎಂದರು.

“ಹೇಳ್ಬಾರದಿತ್ತಾ?”

“ನೀವು ಕೇಳ್ಲಿಲ್ಲ.”

ನನ್ನವರು ಸ್ವಲ್ಪ ಯೋಚಿಸಿ, ಅದೂ ಸರಿ ಎಂದರು. ಆಮೇಲೆ ಇಬ್ಬರೂ ಚಾ ಕುಡಿಯಲು ಹೊರಟರು. ಲೋಕನಾಥರು ನಿಧಾನ ನಡೆಯುವವರು. ನನ್ನವರು ಬಾಗಿಲಿನ ಹತ್ತಿರ ನಿಂತು, ಗೋಡೆಯ ಮೇಲಿನ ಬೋರ್ಡನ್ನು ಓದುವವರ ಹಾಗೆ ಮಾಡಿ, ಅವರು ಬಂದು ಸೇರುವ ತನಕ ಕಾದರು.