ಆಲೆಮನೆಯ ಬೆವರು

ದೀಪಿಕ ಬೆಲ್ಲದ ತಕ್ಕಡಿ ಹತ್ತಿ ಉಸಿರು ಬಿಗಿಹಿಡಿದಳು. ಉಸಿರು ಹಿಡಿದರೆ ತೂಕ ಇಳಿಯುತ್ತದೆ ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ಪಕ್ಕದಲ್ಲಿ ನಿಂತಿದ್ದ ಸೋದರಮಾವ ಜಯಪ್ರಕಾಶ್, ಒಂದು ಕೈ ಹೆಚ್ಚಿಗೆ ಇರಲಿ ಎಂದು, ತನ್ನ ಉಸಿರನ್ನೂ ಹಿಡಿದುಕೊಂಡಿದ್ದ. ಆಲೆಮನೆಯ ಯಜಮಾನ ಪುಟ್ಟರಾಜು ಮಾತ್ರ ಧಾರಾಳವಾಗಿ ಉಸಿರಾಡುತ್ತ ಬಗ್ಗಿ ಕೆಂಪು ಅಂಕಿ ಓದಿದ.

"ಐವತ್ತೆರಡೂ ಮುಕ್ಕಾಲು."

"ಸರಿಯಾಗ್ ನೋಡ್ಲಾ," ಅಂದ ಜಯಪ್ರಕಾಶ್.

"ಇನ್ನೇನ್ಲಾ ಸರಿಯಾಗ್ ನೋಡದು? ಬೆಲ್ಲ ಆಗಿದ್ರೆ ಮುಕ್ಕಾಲು ಕೆಜಿ ತೇವ ಅಂತ ಕಳದ್ಬುಡ್ತಿದ್ದೆ. ಎಣ್ಮಗೀನ ಎಂಗ್ಲಾ ಕಳೀಲಿ?"

ಐವತ್ತೆರಡಕ್ಕೆ ಇಳಿಯಬೇಕಿತ್ತು. ಹನ್ನೊಂದು ಗಂಟೆಗೆ ಮದ್ದೂರಿನ ಕಲ್ಯಾಣಮಂಟಪದಲ್ಲಿ ತೂಕ, ಮರುದಿನ ಮಂಡ್ಯದಲ್ಲಿ ಪಂಜರದೊಳಗೆ ಫೈಟು. ದೀಪಿಕ ತಕ್ಕಡಿಯಿಂದ ಇಳಿದು, ಬಿಚ್ಚಿಟ್ಟಿದ್ದ ಸ್ವೆಟರನ್ನು ಮತ್ತೆ ಹಾಕಿಕೊಂಡಳು. ಅದರ ಮೇಲೆ ಫ್ಲೆಕ್ಸಿನ ಅಂಗಿ. ಬೆವರು ಕೀಳಲೆಂದು ಜಯಪ್ರಕಾಶನೇ ತನ್ನ ಅಂಗಡಿಯ ಹಳೆ ಬ್ಯಾನರು ಕತ್ತರಿಸಿ, ತೋಳಿಗೆ ತೂತು ಬಿಟ್ಟು ಹೊಲಿಸಿದ್ದು. ಅವಳ ಬೆನ್ನ ಮೇಲೆ ಯಾರೋ ಮುಖಂಡರ ಮುಗಿದ ಕೈಗಳೂ 'ಹುಟ್ಟುಹಬ್ಬದ ಹಾರ್ದಿಕ' ಎಂಬಷ್ಟು ಅಕ್ಷರಗಳೂ ಉಳಿದಿದ್ದವು. ಮುಖಂಡರ ತಲೆ ಕಂಕುಳಿಗೆ ಹೋಗಿತ್ತು.

ಅವಳು ಒಲೆಯ ಬಾಯಿಗೆ ವಾಪಸು ನಡೆದಳು. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಕೆಳಗೆ ಒಣಸಿಪ್ಪೆ ತಳ್ಳುತ್ತಿದ್ದ ಶಿವಯ್ಯ ಜಾಗ ಬಿಟ್ಟು ಕೂತ.

ಮದ್ದೂರು ಬಸ್ ಸ್ಟ್ಯಾಂಡಿನ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದ ಜಯಪ್ರಕಾಶ್ ಹುಟ್ಟಿದ ಮೇಲೆ ಯಾರಿಗೂ ಒಂದು ಏಟು ಹೊಡೆದವನಲ್ಲ. ಆದರೆ ಅಮೆರಿಕದಲ್ಲಿ ಪಂಜರದೊಳಗೆ ಇಬ್ಬರು ಬಡಿದಾಡಿದರೆ, ಗೆದ್ದವರು ಯಾರೆಂದು ಅಲ್ಲಿನ ತೀರ್ಪುಗಾರರಿಗಿಂತ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. ಅವರು ಬೇರೆ ತೀರ್ಪು ಕೊಟ್ಟರೆ ಅವರಿಗೆ ಗೊತ್ತಿಲ್ಲ ಎಂದು ಅರ್ಥ. ಭಾನುವಾರ ಬೆಳಿಗ್ಗೆ ಅಂಗಡಿಯಲ್ಲೇ ಕೂತು, ಬೆನ್ನ ಹಿಂದೆ ಪಂಜರದ ಚಿತ್ರ ಕಟ್ಟಿಕೊಂಡು, ಫೋನಿನಲ್ಲಿ ಲೈವ್ ಮಾಡುತ್ತಿದ್ದ. ಪ್ರಮೋಟರುಗಳ ಮೇಲೆ ಅವನಿಗೆ ಕೆಂಡದಂಥ ಕೋಪ. ಬಾಯಿ ಜೋರಿದ್ದವನಿಗೆ ಚಾಂಪಿಯನ್ ಬೆಲ್ಟಿನ ಫೈಟು ಕೊಟ್ಟು, ಗೆದ್ದು ಗೆದ್ದು ಬಂದ ಮಾತಿಲ್ಲದವನನ್ನು ಪೋಸ್ಟರಿನ ಮೂಲೆಗೆ ಅಂಟಿಸುತ್ತಾರೆ ಎಂಬುದು ಅವನ ದೂರು. ಟಿಕೆಟ್ಟು ಮಾರಿದ ಮೇಲೆ ಆಳು ಬದಲಾಯಿಸುವುದಂತೂ, ಲಗ್ನಪತ್ರಿಕೆ ಹಂಚಿದ ಮೇಲೆ ಬೇರೆ ಗಂಡು ತಂದು ಕೂರಿಸಿದ ಹಾಗೆ.

ಎಲ್ಲಕ್ಕಿಂತ ಗಟ್ಟಿಯಾದ ಅಭಿಪ್ರಾಯ ತೂಕದ್ದು. ತೂಕ ತಪ್ಪಿದವನು ಕಳ್ಳ. ಎದುರಾಳಿ ಹಸಿದುಕೊಂಡು ಬಂದಾಗ ಇವನು ಉಂಡು ಬಂದವನು. ಅರ್ಧ ಕೆಜಿ ಹೆಚ್ಚು ತೂಗಿದ ಬ್ರೆಜಿಲ್ ದೇಶದವನೊಬ್ಬನನ್ನು ಜಯಪ್ರಕಾಶ್ ಒಂದು ಭಾನುವಾರ ಪೂರ್ತಿ ಮದ್ದೂರಿನಿಂದಲೇ ಬೈದಿದ್ದ. ಸ್ವಲ್ಪ ದಿನದಲ್ಲೇ ಆ ಬ್ರೆಜಿಲಿನವನು ನಿವೃತ್ತನಾದ. ಅದು ತನ್ನ ಬೈಗುಳದಿಂದಲೇ ಎಂದು ಜಯಪ್ರಕಾಶ್ ಹೇಳಿಕೊಳ್ಳುತ್ತಿರಲಿಲ್ಲ. ಯಾರಾದರೂ ಅಂದರೆ ಇಲ್ಲವೆನ್ನುತ್ತಲೂ ಇರಲಿಲ್ಲ.

ಆ ಲೈವುಗಳನ್ನು ಒಂದೂ ಬಿಡದೆ ನೋಡಿ ಬೆಳೆದವಳು ದೀಪಿಕ. ಸ್ಕೂಲಿನಲ್ಲಿ ಜೂಡೋ ಆಡಿದಳು, ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ಮೇಲೂ ಬಿಡದೆ ಮೈಸೂರಿಗೆ ಹೋಗಿ ಪಂಜರದ ಪಟ್ಟು ಕಲಿತಳು. ಇದು ಅವಳ ಮೊದಲ ಫೈಟು. ಕೋಚು ನೇರ ಮಂಡ್ಯಕ್ಕೆ ಬರುವವನಿದ್ದುದರಿಂದ ತೂಕ ಇಳಿಸುವ ಉಸ್ತುವಾರಿ ಮಾವನಿಗೆ ಬಿದ್ದಿತ್ತು. ಇಷ್ಟು ಅಭಿಪ್ರಾಯಗಳಿರುವ ಮನುಷ್ಯನಿಗೆ ಒಂದು ಕೆಲಸವನ್ನಾದರೂ ಕೊಡದಿರುವುದು ಅನ್ಯಾಯ ಎಂದು ಎಲ್ಲರಿಗೂ ಅನ್ನಿಸಿತ್ತು. ಹೊರದೇಶದ ಫೈಟರುಗಳು ಮರದ ಕೋಣೆಯಲ್ಲಿ ಹಬೆಗೆ ಕೂತು ತೂಕ ಇಳಿಸುವುದನ್ನು ಅವನು ನೋಡಿದ್ದ. ಮದ್ದೂರಿನಲ್ಲಿ ಅಂಥ ಕೋಣೆ ಇರಲಿಲ್ಲ. ನಿಡಘಟ್ಟದ ಪಕ್ಕ ಪುಟ್ಟರಾಜುವಿನ ಆಲೆಮನೆ ಇತ್ತು.

ಪುಟ್ಟರಾಜು ದೊಡ್ಡ ಸ್ಟೀಲ್ ಲೋಟ ಹಿಡಿದು ಬಂದ. ಗಾಣದಿಂದ ಆಗಷ್ಟೇ ಇಳಿದ ಹಾಲಿನ ನೊರೆ ಲೋಟದ ಕಂಠದಲ್ಲಿ ಒಡೆಯುತ್ತಿತ್ತು.

"ತಗಳಮ್ಮಿ. ಆಲೆಮನೆಗ್ ಬಂದೋರು ಬರೀಬಾಯಲ್ಲಿ ಕೂತ್ಕಂಡ್ರೆ ಪಾಕ ಕೆಡ್ತದೆ."

"ಲೇ, ಆಗ್ಲೇ ಏಳ್ಲಿಲ್ವೇನ್ಲಾ?" ಜಯಪ್ರಕಾಶ್ ಅಡ್ಡ ಬಂದ. "ನಿನ್ನೆ ಮಧ್ಯಾನದಿಂದ ಒಂದ್ ಗುಟುಕು ನೀರು ಕುಡಿದಿಲ್ಲ ಅವ್ಳು. ನಿನ್ನ ಒಂದ್ ಲೋಟ ಅಂದ್ರೆ ಕಾಲು ಕೆಜಿ."

"ನಮ್ಮಪ್ಪನ್ ಕಾಲ್ದಿಂದ ಇಲ್ಲಿಗ್ ಬಂದೋರು ಯಾರೂ ಅಂಗೇ ಓಗಿಲ್ಲ. ಜಫ್ತಿಗ್ ಬಂದೋರೂ ಕುಡ್ದೇ ಓಗವ್ರೆ."

"ತೂಕ ಮುಗೀಲಿ, ಬಿಂದಿಗೇಲ್ ಕುಡೀತಾಳೆ. ನಡಿ ಅತ್ಲಾಗೆ."

ಪುಟ್ಟರಾಜು ಹೋದ. ಲೋಟವನ್ನು ಮಾತ್ರ ಅಲ್ಲೇ ಕಲ್ಲಿನ ಮೇಲೆ ಇಟ್ಟು ಹೋದ. ದೀಪಿಕ ಅದನ್ನು ನೋಡಿದಳು. ಆಮೇಲೆ ನೋಡದಿರುವುದಕ್ಕೆ ಮುಖವನ್ನು ಬೆಂಕಿಗೆ ತಿರುಗಿಸಿದಳು. ಬಾಯಲ್ಲಿ ಹುಣಿಸೆಹಣ್ಣಿನ ಚೂರು ಇಟ್ಟುಕೊಂಡಿದ್ದಳು. ಊರಿದ ಜೊಲ್ಲನ್ನೆಲ್ಲ ಒಂದು ಬಾಟಲಿಗೆ ಉಗಿಯಬೇಕು, ಅದೂ ತೂಕವೇ. ಬೆಳಿಗ್ಗೆ ಸರಾಗವಾಗಿ ಉಗಿಯುತ್ತಿದ್ದವಳು ಈಗ ಬಾಟಲಿಯನ್ನು ತುಟಿಗೆ ಹಿಡಿದು ಬಹಳ ಹೊತ್ತು ಕಾದು, ಏನೂ ಉಗಿಯದೆ ಇಳಿಸಿದಳು.

"ಅಣ್ಣೋ," ಅಂದ ಶಿವಯ್ಯ. "ಈ ಒಲೆ ಮುಂದೆ ನಾನೇ ಇಷ್ಟೊತ್ತು ಕೂರಾಕಿಲ್ಲ. ಆಗಾಗ ಎದ್ದು ಗಾಳೀಗ್ ಓಯ್ತೀನಿ. ಮಗೀನ ಒಸಿ ಎಬ್ಬಿಸಿ."

"ಇನ್ನ ಒಸಿ ಒತ್ತು ಅಷ್ಟೇಯ."

"ಆ ಪ್ಲಾಸ್ಟಿಕ್ಕು ವಾಸ್ನೆ ಬತ್ತಾ ಅದೆ."

ಜಯಪ್ರಕಾಶ್ ಅಂಗಿಯ ಅಂಚು ಮುಟ್ಟಿ ನೋಡಿದ. ಬಿಸಿಯಾಗಿತ್ತು, ಮೆತ್ತಗಾಗಿತ್ತು. ಅವಳ ಭುಜ ಹಿಡಿದು ಒಂದು ಮೊಳ ಹಿಂದಕ್ಕೆ ಸರಿಸಿದ. ಅವನು ಕೈ ಬಿಟ್ಟ ಕೂಡಲೇ ಅವಳು ಅಷ್ಟೇ ಮುಂದಕ್ಕೆ ಸರಿದಳು.

ಫೋನು ಹೊಡೆದುಕೊಂಡಿತು. ಪ್ರಮೋಟರ್ ರಾಜೇಂದ್ರ. ಮೊನ್ನೆಯವರೆಗೆ ಆರ್ಕೆಸ್ಟ್ರಾ ನಡೆಸುತ್ತಿದ್ದವನು, ಜನ ಹಾಡು ಕೇಳುವುದನ್ನು ಬಿಟ್ಟದ್ದರಿಂದ ಹೊಡೆದಾಟಕ್ಕೆ ಬಂದಿದ್ದ.

"ಎಲ್ಲಿದ್ದೀಯ ಜೇಪಿ? ಬೆಳಗಾವಿ ಹುಡುಗಿ ತೂಕ ಮುಗಿಸಿ ಕೂತವ್ಳೆ, ಐವತ್ತೆರಡಕ್ಕೆ ಸರಿಯಾಗಿ. ನಿಮ್ದೆಷ್ಟು?"

"ಒಸಿ ಅದೆ."

"ಒಸಿ ಅಂದ್ರೆ?"

"ಅರ್ಧ... ಮುಕ್ಕಾಲು."

"ಅಷ್ಟೇ ತಾನೆ? ಕರ್ಕೊಂಡ್ ಬಾ. ತಕ್ಕಡಿ ನಮ್ದು, ಅಂಕಿ ಓದೋನೂ ನಮ್ಮೋನೇ. ಐವತ್ತೆರಡು ಅಂತ ಕೂಗಿಸ್ತೀನಿ. ಪೋಸ್ಟರ್ ಹಾಕಿದ್ದಾಗದೆ, ನಿಮ್ ಹುಡುಗಿ ಫೋಟೋನೇ ದೊಡ್ದು."

"ಆ ಕೆಲ್ಸ ಮಾತ್ರ ಬ್ಯಾಡ ರಾಜೇಂದ್ರ. ನನ್ ಮುಂದೆ ಆ ಮಾತಾಡ್ಬೇಡ."

"ಬೇಡಪ್ಪ. ನೀನ್ ದೊಡ್ ಮನುಷ್ಯ," ಎಂದು ರಾಜೇಂದ್ರ ಫೋನಿಟ್ಟ.

ಜಯಪ್ರಕಾಶನಿಗೆ ಎದೆಯುಬ್ಬಿತು. ತನ್ನ ಅಭಿಪ್ರಾಯಗಳು ಪರೀಕ್ಷೆಗೆ ನಿಂತು ಪಾಸಾದದ್ದು ಅವನ ಬದುಕಿನಲ್ಲಿ ಇದೇ ಮೊದಲು. ಅದೇ ಗತ್ತಿನಲ್ಲಿ ದೀಪಿಕಳನ್ನು ಎಬ್ಬಿಸಿ ಮತ್ತೊಮ್ಮೆ ತೂಗೋಣವೆಂದು ಅವಳ ಮೊಣಕೈ ಹಿಡಿದ.

ಬೆಳಿಗ್ಗೆಯಿಂದ ಎಷ್ಟು ಸಲ ಹಿಡಿದಿದ್ದರೂ ಆ ಕೈ ಮೀನಿನಂತೆ ಜಾರುತ್ತಿತ್ತು. ಈಗ ಜಾರಲಿಲ್ಲ. ಒಣಗಿತ್ತು. ಒಲೆಯ ಮೇಲೆ ಮರೆತು ಬಿಟ್ಟ ಕಾವಲಿಯಂತೆ ಬಿಸಿಯಾಗಿತ್ತು.

ಅದೇನೆಂದು ಅವನಿಗೆ ಗೊತ್ತಿತ್ತು. ಬೆವರು ನಿಂತವನೊಬ್ಬ ತೂಕಕ್ಕೆ ಹೋಗುವ ದಾರಿಯಲ್ಲೇ ಬಿದ್ದು ಏಳಲಿಲ್ಲ ಎಂಬ ಸಂಗತಿಯನ್ನು ಅವನೇ ಒಂದು ಭಾನುವಾರ ಹೇಳಿದ್ದ. ಅಂದು ಬಹಳ ಲೈಕು ಬಂದಿತ್ತು.

"ಏಳಮ್ಮಿ. ಸಾಕು."

"ಇನ್ನೊಂದ್ ಸ್ವಲ್ಪ ಮಾವ." ನಾಲಗೆ ಅಂಗುಳಕ್ಕೆ ಅಂಟಿ ಮಾತು ತೊದಲಿತು.

"ಬೆವ್ರು ನಿಂತೋಗದೆ ಕಣೇ ನಿಂಗೆ."

"ಬತ್ತದೆ ಬುಡು."

"ಎಲ್ಲಿಂದ ಬತ್ತದೆ? ಒಳ್ಗೆ ಇದ್ರೆ ತಾನೆ ಬರದು?"

ಅವಳು ಏಳಲಿಲ್ಲ. ಎಳೆದರೆ ಬರುವವಳೂ ಅಲ್ಲ. ಅವಳು ಕೂತ ಕಡೆ ಬೇರು ಬಿಟ್ಟರೆ ಇಬ್ಬರು ಗಂಡಸರು ಕೀಳಲಾರರು ಎಂದು ಅವನೇ ಊರಿಗೆಲ್ಲ ಸಾರಿದ್ದ. ಪುಟ್ಟರಾಜು ಬಂದು ನಿಂತ. ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಬೆರಳಲ್ಲೇ ಕದಡಿದ. ಈ ಸಲ ಅವನು ಪಾಕದ ಮಾತೆತ್ತಲಿಲ್ಲ.

ಜಯಪ್ರಕಾಶ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ದನಿ ತಗ್ಗಿಸಿದ. "ನೋಡವ್ವ. ಇದ ಕುಡಿ. ರಾಜೇಂದ್ರ ತೂಕ ಏನೋ ಅಡ್ಜಸ್ಟ್ ಮಾಡ್ತಾನಂತೆ. ಫೈಟು ನಿಲ್ಲಲ್ಲ."

ದೀಪಿಕ ಅವನನ್ನು ನೋಡಿದಳು. ಕಣ್ಣು ಒಳಕ್ಕೆ ಹೋಗಿದ್ದವು. ಅಷ್ಟು ದೂರದಿಂದ ನೋಡಿದ್ದರಿಂದಲೋ ಏನೋ, ಅವನು ಚಿಕ್ಕವನಾಗಿ ಕಂಡಿರಬೇಕು.

"ನೀನಾ ಮಾವ ಈ ಮಾತಾಡ್ತಿರದು?"

"ನಾನೇ ಕಣವ್ವ."

"ಬೆಳಗಾವಿಯೋಳು ಅಸ್ಕೊಂಡ್ ಬಂದವ್ಳೆ."

ಅವನು ಕಲ್ಲಿನ ಮೇಲಿದ್ದ ಲೋಟವನ್ನು ಅವಳತ್ತ ಸರಿಸಿದ.

"ತೂಕ ತಪ್ಪಿದೋರು ಏನು?" ಅಂದಳು. "ನೀನೇ ಏಳ್ತಿದ್ದೆಯಲ್ಲ. ಏನು?"

"ಅದು ಬ್ಯಾರೆಯೋರ ಮಾತು. ಆ ಬ್ರೆಜಿಲ್ನೋನ ಮಾತು."

"ಬ್ರೆಜಿಲ್ನೋನಿಗೂ ಒಬ್ಬ ಮಾವ ಇದ್ದಿರ್ಬೋದು."

ಶಿವಯ್ಯ ಒಲೆಗೆ ಸಿಪ್ಪೆ ತಳ್ಳುವುದನ್ನು ನಿಲ್ಲಿಸಿದ್ದ. ಉರಿ ತಗ್ಗಿದ್ದು ಕಂಡು ದೀಪಿಕ ತಾನೇ ಒಂದು ಹಿಡಿ ಎತ್ತಿ ಒಳಗೆ ಎಸೆಯಲು ಹೋದಳು. ಕೈ ಗುರಿ ತಪ್ಪಿ ಸಿಪ್ಪೆ ಅವಳ ಮಡಿಲಿಗೇ ಬಿತ್ತು. ಅದನ್ನು ನೋಡುತ್ತ ಕೂತಳು. ಯಾರೋ ಬೇರೆಯವರು ಎಸೆದದ್ದೇನೋ ಎಂಬಂತೆ.

"ಏ ಅಮ್ಮಿ, ನಿಮ್ಮವ್ವನಿಗ್ ನಾನ್ ಏನ್ ಏಳ್ಲಿ?" ಜಯಪ್ರಕಾಶ್ ಅವಳ ಮಡಿಲಿನ ಸಿಪ್ಪೆ ಕೊಡವಿದ. "ಇಂದ್ರಕ್ಕ ಕೇಳಿದ್ರೆ ಏನ್ ಏಳ್ಲಿ ನಾನು? ಕುಡೀ."

"ಕುಡೀಬೇಕಾ? ಅಂಗಾದ್ರೆ ಲೈವ್ ಆಕು." ಅವಳು ಒಂದೊಂದೇ ಮಾತನ್ನು ಕಿತ್ತು ತೆಗೆದು ಇಟ್ಟಳು. "ನನ್ನ ಎಸ್ರು ಏಳು. ಆ ಮಾತೂ ಏಳು, ಬ್ರೆಜಿಲ್ನೋನಿಗ್ ಏಳಿದ್ಯಲ್ಲ, ಅಂಗೇ. ಏಳಿದ್ರೆ ಕುಡೀತೀನಿ. ಆಗಲ್ಲ ಅಂದ್ರೆ ಸುಮ್ಕೆ ಕೂತ್ಕೊ. ನನ್ನ ತಂಟೆಗ್ ಬರ್ಬೇಡ."

ಹೇಳಿ ಮುಗಿಸಿ ಬೆಂಕಿಗೆ ಮುಖ ಮಾಡಿದಳು. ಅವನ ಕೈಲಿ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹುಟ್ಟಿದಂದಿನಿಂದ ಅವಳಿಗೆ ಒಂದು 'ಏನೇ' ಎಂದು ಕೂಡ ಗದರದ ಮಾವ ಅವನು.

ಜಯಪ್ರಕಾಶ್ ಎದ್ದ. ಜೇಬಿನಿಂದ ಫೋನು ತೆಗೆದ. ಬೆರಳಿನ ಬೆವರಿಗೆ ಪರದೆ ಒಪ್ಪಲಿಲ್ಲ. ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದ. ಫೋನನ್ನು ಮುಖದ ಎದುರು ಹಿಡಿದ. ಐದು ಜನ ಬಂದರು. ಹನ್ನೊಂದಾದರು. 'ಅಣ್ಣ ಯಾವ ಆಲೆಮನೆ, ಬೆಲ್ಲ ಸಿಗುತ್ತಾ' ಎಂದು ಒಬ್ಬ ಕೇಳಿದ್ದ.

"ಎಲ್ಲಾ ಫೈಟ್ ಅಭಿಮಾನಿಗಳಿಗೂ ನಮಸ್ಕಾರ." ಭಾನುವಾರದ ದನಿಯೇ ಬಂತು. ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. "ನಾಳೆ ಮಂಡ್ಯದಲ್ಲಿ ಹೆಣ್ಣುಮಕ್ಕಳ ಐವತ್ತೆರಡು ಕೆಜಿ ಫೈಟ್ ಇರೋದಿಲ್ಲ. ನಮ್ಮ ಮದ್ದೂರಿನ ದೀಪಿಕ ತೂಕ ತಪ್ಪಿದ್ದಾಳೆ."

ದೀಪಿಕ ತಿರುಗಿ ನೋಡಿದಳು.

"ತೂಕ ತಪ್ಪಿದೋರು ಏನು ಅಂತ ಈ ಚಾನೆಲ್ಲಲ್ಲಿ ಇಷ್ಟು ವರ್ಷ ಹೇಳ್ತಾ ಬಂದಿದ್ದೀನಿ." ಕೊಪ್ಪರಿಗೆಯಲ್ಲಿ ಹಾಲು ಬೊಳಬೊಳ ಕುದಿಯುವುದು ಕೇಳುತ್ತಿತ್ತು. ಪುಟ್ಟರಾಜು, ಬ್ಯಾಡ ಕಣ್ಲಾ ಎಂಬಂತೆ ತಲೆಯಾಡಿಸಿದ. "ಕಳ್ಳರು. ನಮ್ಮಕ್ಕನ ಮಗಳಾದ್ರೂ ಅದೇ. ದೀಪಿಕ ಕಳ್ಳಿ. ಅವಳಿಗೆ ಈ ಆಟಕ್ಕೆ ಬರೋ ಯೋಗ್ಯತೆ ಇಲ್ಲ."

ಕೊನೆಯ ಮಾತನ್ನು ಹೇಳೆಂದು ಅವಳು ಕೇಳಿರಲಿಲ್ಲ. ಬ್ರೆಜಿಲಿನವನಿಗೆ ಅದನ್ನೂ ಅಂದಿದ್ದ, ಹಾಗಾಗಿ ಬಾಯಿ ತಾನಾಗಿಯೇ ಅಲ್ಲಿಯವರೆಗೆ ಹೋಯಿತು.

ಫೋನು ಹಿಡಿದ ಕೈ ಇಳಿಯಿತು. ಆಫ್ ಮಾಡುವುದು ನೆನಪಾಗದೆ ಅದನ್ನು ಸಿಪ್ಪೆಯ ರಾಶಿಯ ಮೇಲೆ ಎಸೆದು, ಕಲ್ಲಿನ ಮೇಲಿದ್ದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳ ಮುಂದೆ ಕೂತ.

"ಏಳಿದೀನಿ. ಕುಡಿ."

ದೀಪಿಕಳ ಮುಖ ಮೆಲ್ಲಗೆ ಮುರಿಯಿತು. ತುಟಿ ಎರಡೂ ಕಡೆಗೆ ಎಳೆದುಕೊಂಡು, ಗಲ್ಲ ನಡುಗಿ, ಚಿಕ್ಕಂದಿನಲ್ಲಿ ಜೋರಾಗಿ ಅಳುವ ಮೊದಲು ಆಗುತ್ತಿದ್ದ ಹಾಗೆಯೇ ಆಯಿತು. ಆದರೆ ದನಿ ಬರಲಿಲ್ಲ. ಕಣ್ಣು ಒಣಗಿಯೇ ಇದ್ದವು. ಅಳುವುದಕ್ಕೂ ಅವಳಲ್ಲಿ ನೀರಿರಲಿಲ್ಲ. ಆ ಒಣ ಅಳುವನ್ನು ನೋಡಲಾರದೆ ಶಿವಯ್ಯ ಎದ್ದು ಹೊರಗೆ ಹೋದ.

ಲೋಟ ತುಟಿಗೆ ತಾಗಿತು. ಮೊದಲ ಗುಟುಕು ಗಂಟಲಿಗೆ ಇಳಿಯದೆ ಮೂಗಿಗೆ ಬಂತು, ಕೆಮ್ಮಿದಳು. "ಮೆಲ್ಲಗೆ," ಅಂದ ಪುಟ್ಟರಾಜು. "ಒಸಿ ಒಸಿಯಾಗಿ ಕಣವ್ವ. ಮೊದ್ಲು ಬಾಯ್ ನೆನೀಲಿ." ಎರಡನೆಯದು ಇಳಿಯಿತು. ಜಯಪ್ರಕಾಶ್ ಅವಳ ಬೆನ್ನ ಹಿಂದೆ ಕೈ ಹಾಕಿ ಫ್ಲೆಕ್ಸಿನ ಹೊಲಿಗೆ ಹರಿದು ಕಿತ್ತೆಸೆದ. ಸ್ವೆಟರು ತೆಗೆಸಿ, ಇಬ್ಬರೂ ಸೇರಿ ಅವಳನ್ನು ಹೊರಗೆ ಹೊಂಗೆ ಮರದ ಕೆಳಗೆ ನಡೆಸಿಕೊಂಡು ಬಂದು ಕಬ್ಬಿನ ಸೋಗೆಯ ಮೇಲೆ ಒರಗಿಸಿದರು. ಮಂಡ್ಯದ ಆಸ್ಪತ್ರೆಗೆ ಹೋಗಲು ಪುಟ್ಟರಾಜು ಗೂಡ್ಸ್ ಆಟೊದಿಂದ ಬೆಲ್ಲದ ಚೀಲ ಇಳಿಸತೊಡಗಿದ.

ಒಳಗೆ ಸಿಪ್ಪೆಯ ರಾಶಿಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಯಾರೂ ಏಳಲಿಲ್ಲ.

ಅವಳು ಮಾವನ ಮುಖ ನೋಡದೆ ಕೈಚಾಚಿದಳು. ಶಿವಯ್ಯ ತಂದ ಎರಡನೆಯ ಲೋಟವನ್ನು ಜಯಪ್ರಕಾಶ್ ಹಿಡಿದ. ಅವನ ಕೈಯಿಂದಲೇ ಕುಡಿದಳು. ಅದು ಅರ್ಧವಾದಾಗ ಅವಳ ಕಣ್ಣಿನ ಕೊನೆಯಲ್ಲಿ ಏನೋ ಹೊಳೆಯಿತು. ತುಂಬಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡು, ಒಂದು ಹನಿ ಕೆನ್ನೆಗೆ ಇಳಿಯಿತು. ಹಿಂದೆಯೇ ಇನ್ನೊಂದು. ಆಮೇಲೆ ದನಿಯೂ ಬಂತು.

"ಅಳ್ಲಿ ಬುಡು," ಅಂದ ಶಿವಯ್ಯ.

ಜಯಪ್ರಕಾಶ್ ಆ ನೀರನ್ನು ಒರೆಸಲಿಲ್ಲ. ಗದ್ದದ ಅಂಟಿಗೆ ಜೇನ್ನೊಣವೊಂದು ಬಂದು ಅವಳ ಮುಖದ ಸುತ್ತ ಸುಳಿಯಿತು. ಅವನು ನಡುವೆ ಅಂಗೈ ಒಡ್ಡಿದ. ನೊಣ ಅವನ ಗೆಣ್ಣಿನ ಮೇಲೆ ಇಳಿದು, ಅಲ್ಲಿ ಚೆಲ್ಲಿದ್ದ ಸಿಹಿಯನ್ನು ಹೀರತೊಡಗಿತು. ಅವನು ಕೈ ಅಲುಗಿಸದೆ ಹಾಗೇ ಹಿಡಿದುಕೊಂಡು ಕೂತ.