ಕನ್ನಡಿ ಎದ್ದ ಅರ್ಧ ಸೆಕೆಂಡು

"ಕಾಡವ್ವಾ, ನಿನ್ನ ಮಗಳ ಫೋಟೋ ನಾನ ಕೈಯಾರೆ ತಂದು ನಿನ್ನ ಉಡಿಯಾಗ ಹಾಕತೇನಿ. ಜಬಾನ ಕೊಟ್ಟೇನಿ, ತಿಳಿ."

೧೯೯೯ರಲ್ಲಿ ಹೂಲಿಯ ಒಂದು ಮನೆಯ ಪಡಸಾಲೆಯಲ್ಲಿ ನಿಂತು ನಮ್ಮ ಅಬ್ಬಾ ಕೊಟ್ಟ ಮಾತು ಇದು. ಆಗ ಅವರೆದುರು, ಗೋಡೆಗೆ ಆನಿಸಿದ ಮಣೆಯ ಮೇಲೆ, ಕಾಡವ್ವನ ಆರು ವರ್ಷದ ಮಗಳು ಮಾಲಾ ಕೂತಿದ್ದಳು. ಬೆಳಗಿನ ಜಾವ ಜ್ವರದಲ್ಲಿ ತೀರಿಕೊಂಡ ಮಗು. ನಮ್ಮ ಕಡೆ ಬಹಳ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಹಾಕಿ, ಗೋಡೆಗೆ ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಮನೆಮಂದಿ ಪಕ್ಕದಲ್ಲಿ ಕೂತು ಒಂದು ಫೋಟೋ ತೆಗೆಸುತ್ತಾರೆ. ಎಷ್ಟೋ ಜೀವಗಳಿಗೆ ಮೊದಲ ಫೋಟೋ ಅದೇ, ಕೊನೆಯದೂ ಅದೇ. ಮಾಲಾಳದೂ ಹಾಗೆಯೇ ಆಗಬೇಕಿತ್ತು.

ಅಬ್ಬಾ, ಅಂದರೆ ನನ್ನ ತಂದೆ ಫೋಟೋ ನಿಜಾಮಸಾಬ, ಮುರಗೋಡದಲ್ಲಿ ಸ್ಟುಡಿಯೋ ಇಟ್ಟಿದ್ದರು. ಆ ರೋಲನ್ನು ಅವರು ತೊಳೆಯಲೇ ಇಲ್ಲ.

ಈಗ ಅದೇ ಸ್ಟುಡಿಯೋದಲ್ಲಿ ನಾನು ಝೆರಾಕ್ಸ್ ತೆಗೆಯುತ್ತೇನೆ, ಮೊಬೈಲ್ ರಿಪೇರಿ ಮಾಡುತ್ತೇನೆ. ಆದರೆ ಒಳಗಿನ ಕತ್ತಲೆ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ನನ್ನ ಹನ್ನೊಂದು ರೀಲ್ ಕ್ಯಾಮೆರಾಗಳಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಅಂತ ಎಲ್ಲಿ ಹಳೆಯ ಸ್ಟುಡಿಯೋ ಮುಚ್ಚಿದ ಸುದ್ದಿ ಬಂದರೂ ಗಾಡಿ ಹತ್ತಿ ಹೋಗುತ್ತೇನೆ. ಕೆಲವಕ್ಕೆ ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕು. ಕೆಲವು ಆಮೇಲಿನವು, ಅರ್ಧ ಬಟನ್ ಒತ್ತಿದರೆ ತಾವೇ ಗುಂಯ್‌ಗುಡುತ್ತ ಫೋಕಸ್ ಹುಡುಕಿಕೊಳ್ಳುತ್ತವೆ. ಲೆನ್ಸಿನ ಬೂಷ್ಟು ಒರೆಸಿ, ಶಟರಿಗೆ ಎಣ್ಣೆಯ ತೇವ ತೋರಿಸಿ, ಒಂದು ರೋಲ್ ಹಾಕಿ ಓಡಿಸಿ ನೋಡಿದ ಮೇಲೆಯೇ ಕಪಾಟಿಗೆ ಸೇರಿಸುವುದು.

"ನನ್ನ ಮಿಕ್ಸರ್ ಕೆಟ್ಟು ತಿಂಗಳಾತು. ಇವ್ರು ನೋಡಿದ್ರ ಸತ್ತ ಕ್ಯಾಮೆರಾಕ್ಕ ಜೀವಾ ತುಂಬಾಕ ಕುಂತಾರ" ಎಂದು ಮನೆಯಾಕೆ ಬಂದವರೆದುರು ಹೇಳುತ್ತಾಳೆ. ಸುಳ್ಳಲ್ಲ.

ಹನ್ನೆರಡನೆಯದು ಅಬ್ಬಾನ ಪೆಂಟಾಕ್ಸ್. ಹಸಿರು ಬಟ್ಟೆಯಲ್ಲಿ ಸುತ್ತಿ ಮೇಲಿನ ಅರೆಯಲ್ಲಿ ಇಟ್ಟಿದ್ದರು. ಮಾಲಾಳ ರೋಲ್ ಅದರೊಳಗೇ ಇತ್ತು; ತೆಗೆದ ಫೋಟೋ ಎಣಿಸುವ ಮುಳ್ಳು ಏಳರ ಮೇಲೆ ನಿಂತಿತ್ತು. ಹುಡುಗನಿದ್ದಾಗ ಒಮ್ಮೆ ಇಳಿಸಿದ್ದಕ್ಕೆ ಕೈ ಮೇಲೆ ಬಾರಿಸಿದ್ದರು. "ಅದರಾಗ ಮಂದಿ ಅದಾರ. ಮುಟ್ಟಬ್ಯಾಡ."

ಸವದತ್ತಿ ಸಂತೆಯಲ್ಲಿ ಕಾಡವ್ವ ಎದುರಾದಾಗಲೆಲ್ಲ ಕೇಳುತ್ತಿದ್ದಳು. "ಏನ್ರೀ ಫೋಟೋ ಸಾಬರ, ನನ್ನ ಮಗಳು ಇನ್ನೂ ನಿಮ್ಮ ಡಬ್ಬಿಯಾಗ ಅದಾಳೇನು? ಉಣ್ಣಾಕರ ಹಾಕ್ತೀರಿಲ್ಲೋ?"

"ಬರ್ತಾಳವ್ವಾ, ಬರ್ತಾಳ" ಎನ್ನುತ್ತಿದ್ದರು ಅಬ್ಬಾ. ಆ ದಿನ ಮನೆಗೆ ಬಂದವರು ಊಟ ಮಾಡುತ್ತಿರಲಿಲ್ಲ.

ಅವರು ಕಾರಣ ಹೇಳಿದ್ದು ಸಾಯುವ ವರ್ಷ. ಕಿತ್ತೂರಿನಿಂದ ತಂದ ಒಂದು ಕ್ಯಾಮೆರಾದ ಕನ್ನಡಿ ಒರೆಸುತ್ತ ಕೂತಿದ್ದೆ. ಮಂಚದ ಮೇಲಿಂದ ಕರೆದರು.

"ರೆಹಾನ, ಬಟನ್ ಒತ್ತಿದಾಗ ಆ ಕನ್ನಡಿ ಏನ ಮಾಡ್ತತಿ?"

"ಮ್ಯಾಲೇಳತೈತಿ. ಫೋಟೋ ಬಿದ್ದ ಮ್ಯಾಲೆ ಇಳೀತೈತಿ."

"ಎದ್ದಾಗ ಕಿಂಡಿಯಾಗ ನಮಗೇನ ಕಾಣತೈತಿ?"

"ಏನೂ ಕಾಣಂಗಿಲ್ಲ. ಕತ್ತಲಿ."

"ಹಾಂ. ಆ ಕತ್ತಲಿಯಾಗ ಏನಾತು ಅಂತ ನನಗ ಗೊತ್ತಿಲ್ಲ, ಬೇಟಾ."

ಆಮೇಲೆ ನಿಧಾನಕ್ಕೆ ಹೇಳಿದರು. ಆ ದಿನ ಹೂಲಿಯಲ್ಲಿ ಕರೆಂಟ್ ಇರಲಿಲ್ಲ, ಫ್ಲ್ಯಾಶ್ ಹತ್ತಲಿಲ್ಲ. ಕ್ಯಾಮೆರಾ ಸ್ಟ್ಯಾಂಡಿಗೆ ಏರಿಸಿ, ಶಟರನ್ನು ಅರ್ಧ ಸೆಕೆಂಡಿಗೆ ಇಟ್ಟು, ಮಗುವಿನ ರೆಪ್ಪೆಯ ಮೇಲೆ ಫೋಕಸ್ ಮಾಡಿದರು. ಬೆರಳು ಒತ್ತುತ್ತಿದ್ದಾಗಲೇ ಆ ರೆಪ್ಪೆ ಅಲುಗಾಡಿತು. ಕನ್ನಡಿ ಎದ್ದಿತು, ಕತ್ತಲೆ. ಕನ್ನಡಿ ಇಳಿದಾಗ ಮಗು ಮೊದಲಿನಂತೆಯೇ ಕೂತಿತ್ತು.

"ನನ್ನ ಕಣ್ಣಿನ ಭ್ರಮಾ ಅಂದಕೊಂಡೆ. ಡಾಕ್ಟರ ನೋಡಿ ಹೋಗಿದ್ರು. ಮಂದಿ ಎತ್ತಾಕ ನಿಂತಿದ್ರು. ನಾ ಬಾಯಿ ಬಿಡಲಿಲ್ಲ. ಸಂಜಿಗೆ ಮಣ್ಣು ಮಾಡಿದ್ರು."

"ರೋಲ್ ತೊಳದಿದ್ರ ಗೊತ್ತಾಗತಿತ್ತಲ್ಲ, ಅಬ್ಬಾ?"

"ಅದಕ್ಕ ತೊಳಿಲಿಲ್ಲ."

ಅಬ್ಬಾ ಹೋಗಿ ಎರಡು ವರ್ಷ. ಈ ಚಳಿಗಾಲದಲ್ಲಿ ನನ್ನ ಫೋನಿಗೆ ಕಾಡವ್ವನ ಕರೆ ಬಂತು. ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು, ಪೊರೆ ಬಂದು ಎರಡು ವರ್ಷದಿಂದ ಮನೆಯಲ್ಲೇ ಕೂತಿದ್ದಳು.

"ತಮ್ಮಾ, ಬೈಲಹೊಂಗಲದಾಗ ಕಣ್ಣ ಆಪರೇಶನ್ ಆತು. ಅಕ್ಕಿಯಾಗಿನ ಹರಳೂ ಕಾಣಾಕ ಹತ್ಯಾವು ನೋಡು. ಮಗಳ ಮುಖಾನ ಮರತ ಹೋಗೈತೋ. ಮೂಗು ನೆನಪ ಬಂದ್ರ ಬಾಯಿ ಬರಂಗಿಲ್ಲ. ನಿಮ್ಮಪ್ಪನ ಡಬ್ಬಿ ತಗಿ ಇನ್ನ."

ತರುತ್ತೇನೆ ಎಂದೆ. ಬೇರೆ ಏನು ಹೇಳಬಹುದಿತ್ತು?

ರೋಲ್ ತೊಳೆಯುವ ಅಬ್ಬಾನ ಸಣ್ಣ ಟ್ಯಾಂಕ್ ಎಂದೋ ಒಡೆದುಹೋಗಿತ್ತು. ರಾಮದುರ್ಗದ ಪರಪ್ಪ ಕಾಕಾ ಸ್ಟುಡಿಯೋ ಮುಚ್ಚಿದ್ದರೂ ಸಾಮಾನು ಬಿಟ್ಟಿರಲಿಲ್ಲ. ಟ್ಯಾಂಕ್ ಕೊಟ್ಟರು, ಜೊತೆಗೆ ಒಂದು ಆಟೋಫೋಕಸ್ ಕ್ಯಾಮೆರಾವನ್ನೂ ಗಂಟು ಹಾಕಿದರು. ಚಹಾ ಕುಡಿಯುತ್ತ, ಕತ್ತಲ ಮನೆಯಲ್ಲಿ ಹೆಣದ ಫೋಟೋ ಹೇಗೆ ತೆಗೆಯುತ್ತಿದ್ದಿರಿ ಎಂದು ಕೇಳಿದೆ.

"ಅದರಂಥಾ ಸಸಾರ ಕೆಲಸ ಇನ್ನೊಂದಿಲ್ಲೋ! ಮದಿಮಗಳು ಕಣ್ಣ ಪಿಳಕಸ್ತಾಳ, ಕೂಸು ಅಳತೈತಿ. ಹೆಣಕ್ಕ ಅಂಥಾ ಕಿರಿಕಿರಿ ಏನೂ ಇಲ್ಲ. ಕುಂತಿದ್ದು ಕುಂತಂಗ. ಎಲ್ಲಾರಕಿಂತ ಅದರ ಮುಖಾನ ಚೊಕ್ಕ ಬರತೈತಿ."

"ಅದರ ಮುಖ ಅಲಗ್ಯಾಡಿ ಬಂದಿದ್ರ, ಕಾಕಾ?"

"ಕ್ಯಾಮೆರಾ ಅಲಗಿರಬೇಕು."

"ಹಿಂದಿನ ಗ್ವಾಡಿ ಚೊಕ್ಕ ಬಂದಿದ್ರ?"

ಕಾಕಾ ಬಸಿಗೆ ಸುರುವಿದ್ದ ಚಹಾವನ್ನು ಕುಡಿಯದೆ ನನ್ನನ್ನೇ ನೋಡಿದರು. "ಹಂಗಿದ್ರ ಅದು ಹೆಣ ಅಲ್ಲೋ ಮಾರಾಯಾ."

ಮರುದಿನ ಮಧ್ಯಾಹ್ನ ಹೊಸದಾಗಿ ತಂದ ಆಟೋಫೋಕಸ್ ಕ್ಯಾಮೆರಾವನ್ನು ಓಡಿಸಿ ನೋಡಲು ಹಿಡಿದೆ. ನನ್ನ ಮಗಳು ನಾಜಿಯಾ ಸಾಲೆಯಿಂದ ಬಂದು ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಅವಳಿಗೂ ಆರು ವರ್ಷ. ಅವಳ ಮುಖಕ್ಕೆ ಗುರಿ ಹಿಡಿದು ಬಟನ್ ಅರ್ಧ ಒತ್ತಿದೆ. ಲೆನ್ಸು ಗುಂಯ್ ಎಂದು ಮುಂದೆ ಹೋಯಿತು, ಹಿಂದೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದೆ. ಮೋಡದ ಮಬ್ಬಿಗೆ ಹಾಗಾಗುತ್ತದೆ, ನನಗೆ ಗೊತ್ತಿರುವ ಸಂಗತಿಯೇ. ಆದರೂ ಅದು ಚಾಪೆಯ ಮೇಲೆ ಯಾರೂ ಇಲ್ಲವೆಂಬಂತೆ ಹುಡುಕುತ್ತಿತ್ತು. ಕ್ಯಾಮೆರಾ ಇಳಿಸಿ ಅವಳ ರೆಪ್ಪೆಗಳನ್ನು ನೋಡುತ್ತ ಕೂತೆ. ಕನಸಿನಲ್ಲಿ ಅವು ಸಣ್ಣಗೆ ಕಂಪಿಸುತ್ತಿದ್ದವು.

"ಅಬ್ಬಾ, ಹಂಗ್ಯಾಕ ನೋಡ್ತಿ? ಅಂಜಿಕಿ ಬರತೈತಿ" ಎಂದಳು ಎಚ್ಚರಾಗಿ.

ಭಾನುವಾರ ಮನೆಯಾಕೆ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಬೆಳಕು ನುಸುಳದ ಕರಿಚೀಲದೊಳಗೆ ಕೈ ಹಾಕಿ, ಕಾಣದೆ, ಬೆರಳಿನಿಂದಲೇ ಪೆಂಟಾಕ್ಸ್ ತೆರೆದು ರೋಲನ್ನು ಟ್ಯಾಂಕಿನೊಳಗೆ ಸುತ್ತಿಟ್ಟೆ. ಇಪ್ಪತ್ತಾರು ವರ್ಷಕ್ಕೆ ಅದು ಬಿಗಿದ ಸ್ಪ್ರಿಂಗಿನಂತೆ ಸುರುಳಿಯಾಗಿತ್ತು. ಔಷಧಿ ಹಾಕಿದೆ, ಅಲುಗಾಡಿಸಿದೆ, ತೊಳೆದೆ. ಬಚ್ಚಲಿನ ಬೆಳಕಿಂಡಿಗೆ ಹಿಡಿದಾಗ ಮಂಜಿನೊಳಗಿಂದ ಬಂದ ಹಾಗೆ ಮಂದಿ ಬಂದರು. ಇಬ್ಬರು ಪಾಸ್‌ಪೋರ್ಟ್ ಸೈಜಿನವರು. ಒಂದು ಜೋಡಿ. ಬಹುಮಾನ ಗೆದ್ದ ಹೋರಿ, ಮೂರು ಸಲ.

ಏಳನೆಯದು.

ನೆಗೆಟಿವ್ ಹಿಂದೆ ಟಾರ್ಚ್ ಇಟ್ಟು, ಅಬ್ಬಾನ ಭೂತಗನ್ನಡಿಯಿಂದ ನೋಡಿದೆ. ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದಿತ್ತು. ಮಣೆಯ ಮುಂದಿನ ದೀಪ, ಫ್ರಾಕಿನ ನಾಲ್ಕು ಗುಂಡಿಗಳು, ಮಗುವಿಗೆ ಒತ್ತಿ ಕೂತಿದ್ದ ಕಾಡವ್ವನ ಮೂಗುತಿ, ಎಲ್ಲ ಚೊಕ್ಕ. ಅವಳ ಒಂದು ಕೈ ಮಗಳ ಬೆನ್ನ ಹಿಂದೆ ಹೋಗಿತ್ತು. ಅಪ್ಪಿಕೊಂಡಿದ್ದಾಳೆ ಅಂದುಕೊಂಡೆ.

ಮಗುವಿನ ಮುಖ ಎರಡಾಗಿತ್ತು. ಒಂದರ ಮೇಲೊಂದು, ತುಸು ಸರಿದು. ಒಂದು ಮುಖದಲ್ಲಿ ಕಣ್ಣು ಮುಚ್ಚಿತ್ತು. ಇನ್ನೊಂದರಲ್ಲಿ ರೆಪ್ಪೆಯ ಕೆಳಗೆ ಎಳೆಯಷ್ಟು ತೆರಪು.

ಹಜಾರದಲ್ಲಿ ನಾಜಿಯಾಳ ಚಪ್ಪಲಿಯ ಸದ್ದು ಕೇಳಿದ ಹಾಗಾಯಿತು. ಎದ್ದು ನೋಡಿದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಮಗಳನ್ನು ಜೀವ ಇರುವಾಗಲೇ ಹೂತೆ ಎಂದು ಯಾವ ತಾಯಿಯೂ ತಿಳಿಯಬಾರದು. ಕಾಡವ್ವನ ಹೊಸ ಕಣ್ಣು ಮೊದಲು ಹೋಗುವುದು ಆ ರೆಪ್ಪೆಗೇ. ಅದನ್ನು ಕಂಡೂ ಸುಮ್ಮನಿದ್ದವರು ಅಬ್ಬಾ ಎಂಬುದೂ ನನ್ನ ಮನಸ್ಸಿನಲ್ಲಿತ್ತು, ಇಲ್ಲ ಅನ್ನುವುದಿಲ್ಲ. ಏಳನೆಯದನ್ನು ಕತ್ತರಿಸಿ ಗ್ಯಾಸಿನ ಉರಿಗೆ ಹಿಡಿದೆ. ಮುರುಟಿತು, ಗುಳ್ಳೆ ಎದ್ದಿತು, ಕರಗಿ ತೊಟ್ಟಿಕ್ಕಿತು. ಫೋನಿನಲ್ಲಿ ಕೂಡ ಅದರ ಪ್ರತಿ ಇಟ್ಟುಕೊಳ್ಳಲಿಲ್ಲ.

ಮರುದಿನವೇ ಹೂಲಿಗೆ ಹೋದೆ. ಕಾಡವ್ವ ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದಳು.

"ಬಾರೋ ನಮ್ಮಪ್ಪಾ. ನಿಮ್ಮಪ್ಪಗಿಂತ ನೀನ ಚಲೋ, ಒಂದ ಮಾತಿಗೆ ಬಂದಿ."

ಒಳಗೆ ಗೋಡೆಗೆ ಹೊಸ ಮೊಳೆ ಬಡಿಸಿದ್ದಳು. ಕೆಳಗೆ, ಅದೇ ಗೋಡೆಗೆ ಆನಿಸಿ, ಫೋಟೋ ಹಾಕುವ ಬಂಗಾರದ ಬಣ್ಣದ ಖಾಲಿ ಕಟ್ಟು.

"ರೋಲ್ ಕೆಟ್ಟೈತಿ, ಕಾಡವ್ವಾ. ಭಾಳ ವರ್ಷ ಆತಲ್ಲ. ಏನೂ ಉಳದಿಲ್ಲ" ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

"ಏನೂ ಇಲ್ಲಾ?"

"ಏನೂ ಇಲ್ಲ."

"ಹೋಗ್ಲಿ ಬಿಡು. ನಿಮ್ಮಪ್ಪಂದ ತಪ್ಪಿಲ್ಲ, ತಪ್ಪ ನಂದ. ಅವತ್ತ ಕೂಸಿನ ಕುತ್ತಿಗಿ ನಿಲ್ಲವಲ್ದಾಗಿತ್ತು, ಮುಂದ ಮುಂದ ಬೀಳಾಕ ಹತ್ತಿತ್ತು. ಫೋಟೋದಾಗ ಮುಖಾ ಕಾಣಬೇಕಲ್ಲ ಅಂತ ನಾನ ಬೆನ್ನ ಹಿಂದ ಕೈ ಹಾಕಿ ಜಡಿ ಹಿಡದಿದ್ದೆ. ಕೈ ಒಂದ ಸಮನ ನಡಗತಿತ್ತೋ ತಮ್ಮಾ. ಜಗ್ಗಿದಾಗೊಮ್ಮೆ ರೆಪ್ಪಿ ಇಷ್ಟ ತೆರೀತಿತ್ತು. ನನ್ನ ಎದಿ ಝಲ್ ಅಂತಿತ್ತು. ಮುಟ್ಟಿದ್ರ ಮೈ ಕಲ್ಲಿನಂಗ ತಣ್ಣಗ."

ಅವಳು ಗೋಡೆಯ ಹೊಸ ಮೊಳೆಯನ್ನು ನೋಡಿದಳು.

"ಮುಖಾ ಅಲಗ್ಯಾಡಿ ಕೆಟ್ಟ ಬಂದಿರಬೇಕು, ಅದಕ್ಕ ಸಾಬರು ನಾಚಿಕೊಂಡು ತೋರಸವಲ್ರು ಅಂತ ನಾನ ತಿಳಕೊಂಡಿದ್ದೆ. ಒಮ್ಮೆರ ನಾನ ಹೇಳಬೇಕಿತ್ತ ಅವರಿಗೆ. ಎರಡ ಮುಖಾ ಬಂದಿದ್ರೂ ನನಗ ನಡೀತಿತ್ತು. ಎರಡೂ ನನ್ನ ಮಗಳವ ಅಲ್ಲೇನೋ?"

ಎದ್ದೆ. ಅವಳು ಕಟ್ಟನ್ನು ಎತ್ತಿ ನನ್ನ ಕೈಗಿಟ್ಟಳು.

"ಒಯ್ಯಿ. ನಿನಗೂ ಹೆಣ್ಣಮಗಳು ಐತಂತಲ್ಲ. ಆಕಿದ ಹಾಕು."

ಕಟ್ಟನ್ನು ಗಾಡಿಗೆ ಕಟ್ಟಿಕೊಂಡು ಮುರಗೋಡಕ್ಕೆ ಬಂದೆ. ಅದು ಈಗ ಕಪಾಟಿನ ಮೇಲಿನ ಅರೆಯಲ್ಲಿ, ಪೆಂಟಾಕ್ಸ್ ಪಕ್ಕದಲ್ಲಿ, ಖಾಲಿಯಾಗಿಯೇ ಇದೆ.

ಅಬ್ಬಾ ಕೊಟ್ಟ ಮಾತು ಈಡೇರಲಿಲ್ಲ. ಅದನ್ನು ಮುರಿದವನು ನಾನು.