ಮೇಲ್ಸಾಲಿನ ಹಲ್ಲು

ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದ ವಕ್ಕಲೇರಿಯ ಶ್ರೀರಾಮಪ್ಪ, ಫೋನಿನಲ್ಲಿ ಒಂದೇ ಒಂದು ವಿಡಿಯೊ ನೋಡಿ ಆರೋಗ್ಯ ವಿಜ್ಞಾನಿಯಾದರು. ವಿಡಿಯೊ ನಾಲ್ಕು ನಿಮಿಷದ್ದು. ಎತ್ತು ಹುಲ್ಲು ತಿಂದೇ ಗಾಡಿ ಎಳೆಯುವಾಗ ಮನುಷ್ಯನಿಗೆ ಒಲೆ ಯಾಕೆ ಎಂಬುದು ಅದರ ಸಾರಾಂಶ.

"ಭಾನುವಾರ ಬೀಗರಿಗೂ ಹಸಿ ಸೊಪ್ಪೇ ಕಣೇ. ಒಲೆ ಹಚ್ಚಿದ್ರೆ ನಾನು ಎಲೆ ಮುಂದೆ ಕೂರಲ್ಲ," ಎಂದರು ಹೆಂಡತಿ ವೆಂಕಟರತ್ನಮ್ಮನಿಗೆ.

ಮಗಳು ವಾಣಿಶ್ರೀಯ ಮದುವೆ ಮಾತು ಮುಗಿಸಲು ರಾಯಲ್ಪಾಡಿನಿಂದ ಗಂಡಿನ ಕಡೆಯವರು ಬರುವ ಊಟ ಅದು. ಹೆಣ್ಣಿನ ಅಪ್ಪ ಎಲೆ ಮುಂದೆ ಕೂರದಿದ್ದರೆ ಸಂಬಂಧ ಮುರಿಯುತ್ತದೆ. ಬೀಗರಿಗೆ ಹಸಿ ಸೊಪ್ಪು ಬಡಿಸಿದರೆ ಇನ್ನೂ ಬೇಗ ಮುರಿಯುತ್ತದೆ.

ಎರಡು ಹಸು ಸಾಕಿದ್ದ ವೆಂಕಟರತ್ನಮ್ಮ ವಾದಕ್ಕಿಳಿಯಲಿಲ್ಲ. ಶನಿವಾರ ಬೆಳಗ್ಗೆ ಹಸುವಿಗೆ ತಂದಿದ್ದ ಕುದುರೆ ಮೆಂತ್ಯ ಸೊಪ್ಪಿನ ಒಂದು ಕಟ್ಟನ್ನು ಗಂಡನ ಮುಂದಿಟ್ಟು ಕೈ ಚಾಚಿದರು.

"ಎತ್ತಿನ ಹಾಗೇ ತಿನ್ನೋದಾದ್ರೆ, ಮೇಲಿನ ಕಟ್ಟಿಸಿದ ಹಲ್ಲಿನ ಸೆಟ್ಟು ಕೊಡಿ."

"ಯಾಕೆ?"

"ಹಸು ಬಾಯಿ ಯಾವತ್ತಾದ್ರೂ ನೋಡಿದ್ದೀರಾ? ಮೇಲೆ ಮುಂದಿನ ಹಲ್ಲೇ ಇಲ್ಲ, ಬರೀ ಗಟ್ಟಿ ವಸಡು. ಹಿಂದೆ ದವಡೇಲಿ ಮಾತ್ರ ಹಲ್ಲು ಇರ್ತವೆ. ನಿಮಗೆ ಅಲ್ಲೂ ಇಲ್ಲ, ಅದು ನನ್ನ ತಪ್ಪಲ್ಲ."

ಮಾತಿಗೆ ತಪ್ಪದ ಶ್ರೀರಾಮಪ್ಪ ಸೆಟ್ಟು ತೆಗೆದುಕೊಟ್ಟರು.

"ಅದರ ಹೊಟ್ಟೇಲಿ ನಾಲ್ಕು ಕೋಣೆ ರೀ. ಮೊದಲನೇದ್ರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೂತು ಹುಲ್ಲು ಕೊಳೆಸಿ ಕೊಡ್ತವೆ. ನಿಮ್ಮದು ಒಂದೇ ಕೋಣೆ, ಕೆಲಸಕ್ಕೆ ಜನಾನೂ ಇಲ್ಲ. ಅದರ ಮೇಲೆ ಏಳೆಂಟು ಗಂಟೆ ಮೆಲುಕು. ಈಗ ಶುರು ಮಾಡಿದ್ರೆ ಸಂಜೆಗೆ ಮುಗೀಬಹುದು."

ಶ್ರೀರಾಮಪ್ಪ ಕಟ್ಟಿಗೆ ಬಾಯಿ ಹಾಕಿದರು. ಮಧ್ಯಾಹ್ನಕ್ಕೆ ದವಡೆ ನೋವು, ಕಡ್ಡಿ ಚುಚ್ಚಿ ವಸಡು ಊತ. ಸಂಜೆಗೆ ಹೊಟ್ಟೆ ತಮಟೆ. ವೆಂಕಟರತ್ನಮ್ಮ ಎಣ್ಣೆಯ ಜೊತೆ, ಹಸುವಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನೂ ತಂದರು.

"ಉಬ್ಬರಕ್ಕೆ ಇದೇ ಮದ್ದು. ಗೊಟ್ಟದಲ್ಲಿ ಹಾಕ್ಲಾ, ಲೋಟದಲ್ಲಿ ಕುಡಿತೀರಾ?"

"ನಾಳೆ ಒಲೆ ಹಚ್ಕೊಳೇ ತಾಯಿ," ಎಂದರು ವಿಜ್ಞಾನಿ.

ಭಾನುವಾರ ಮುದ್ದೆ, ನಾಟಿಕೋಳಿ ಸಾರು. ಊದಿದ ವಸಡಿಗೆ ಸೆಟ್ಟು ಕೂರಲಿಲ್ಲ. ಬೊಚ್ಚು ಬಾಯಲ್ಲೇ ಎಲೆ ಮುಂದೆ ಕೂತ ಶ್ರೀರಾಮಪ್ಪ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗತೊಡಗಿದರು.

ಗಂಡಿನ ತಾಯಿ ಭಾರತಮ್ಮನಿಗೆ ಸಂತೋಷವೋ ಸಂತೋಷ. "ಚೂಡು ವದಿನಾ, ನೋಡಿ ಅತ್ತಿಗೆ, ಬೀಗರು ಒಂದ್ಸಲಾನೂ ಅಗೀಲಿಲ್ಲ! ಮುದ್ದೆ ನುಂಗೋ ಪದ್ಧತಿ ಗೊತ್ತಿರೋ ಮನೆ ಇದು. ತಾಂಬೂಲ ತನ್ನಿ, ಮಾತು ಮುಗಿಸೋಣ."

ಶ್ರೀರಾಮಪ್ಪನ ಎದೆ ಹೊಟ್ಟೆಗಿಂತ ಹೆಚ್ಚು ಉಬ್ಬಿತು. "ಹಸೂನೂ ಹೀಗೇ ಅಮ್ಮ. ಮೊದಲು ನುಂಗುತ್ತೆ, ಆಮೇಲೆ ಅಗಿಯುತ್ತೆ. ನಾನು ಮೊದಲಿಂದ ಹೇಳ್ತಿರೋದು ಅದನ್ನೇ."

ವೆಂಕಟರತ್ನಮ್ಮ ಎಲೆಗೆ ಇನ್ನೊಂದು ಮುದ್ದೆ ಹಾಕಿ, ಅವರೊಬ್ಬರಿಗೇ ಕೇಳುವಂತೆ ಹೇಳಿದರು:

"ಆಮೇಲೆ ಅಗಿಯೋದನ್ನ ಬೀಗರು ಹೋದ್ಮೇಲೆ ಮಾಡಿ."